ಬೀಗರ ಮೋಟರ್, ಬೀಗರ ಇಂಜಿನ್

ಏಪ್ರಿಲ್ ಹದಿನೆಂಟು. ಬೆಳಗಿನಿಂದಲೇ ಬಿಸಿಲು, ಎಲೆ ಅಲುಗದಂಥ ಸೆಕೆ. ಬೈಲಹೊಂಗಲದ ನನ್ನ ರಿಪೇರಿ ಅಂಗಡಿಗೆ ಬಂದ ಸವದತ್ತಿಯ ಮಾಸ್ತರರೊಬ್ಬರು, "ಹೊಲಕ್ಕ ನೀರೆತ್ತಾಕ ಯಾವುದು ಬಾಳಿಕಿ ಬರತೈತ್ರಿ? ಕರೆಂಟ್ ಮೋಟರೋ, ಡೀಸೆಲ್ ಇಂಜಿನ್ನೋ?" ಎಂದರು. ಈ ಪ್ರಶ್ನೆ ಎದ್ದಾಗಲೆಲ್ಲ ನನಗೆ ಒಂದು ಪಂಥ ನೆನಪಾಗುತ್ತದೆ. ಉತ್ತರದ ಬದಲು ಇಬ್ಬರು ಬೀಗರ ಸುದ್ದಿ ಹೇಳಿದೆ. ಕಿತ್ತೂರಿನವರು ಗಂಡಿನ ತಂದೆ, ಅವರದು ಮೋಟರ್. ದೊಡವಾಡದವರು ಹೆಣ್ಣಿನ ತಂದೆ, ಅವರದು ಇಂಜಿನ್.

ನಟ್ಟು ಬಿಚ್ಚದ ಮೋಟರ್

"ನಮ್ಮ ಮೋಟರ್ ತಂದಾಗಿಂದ ಒಂದು ನಟ್ಟೂ ಬಿಚ್ಚಿಲ್ರಿ" ಎಂದರು ಕಿತ್ತೂರಿನವರು.

"ಕರೆಂಟ್ ಬಂದ್ರಲ್ಲ ಬೀಗರ, ಅದು ತಿರುಗೋದು! ಗ್ವಾಡಿಗೆ ಹಾಕಿದ ಫೋಟೋನೂ ಸವೆಯೂದಿಲ್ರಿ" ಎಂದರು ದೊಡವಾಡದವರು.

ಅಪ್ಪನ ಕಾಲದ್ದು

"ನಮ್ಮ ಇಂಜಿನ್ ನಮ್ಮಪ್ಪನ ಕಾಲದ್ದು" ಎಂದು ದೊಡವಾಡದವರೇ ಮುಂದುವರಿಸಿದರು.

"ಪಿಸ್ಟನ್?" ಕಿತ್ತೂರಿನವರು ಕೇಳಿದರು.

"ಹ್ವಾದ ವರ್ಷ ಹಾಕ್ಸಿದ್ದು."

"ಪಂಪು?"

"ಅದೂ ಹೊಸಾದು."

"ಹ್ಯಾಂಡಲ್?"

"ಕಳದಿತ್ತು, ಬ್ಯಾರೇದು ತಂದೆ."

"ಮತ್ತ ಅಪ್ಪನ ಕಾಲದ್ದು ಏನೈತ್ರಿ?"

"ಆವಾಜ್!"

ಪಂಥ

ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಕೂಸಿನೊಂದಿಗೆ ದೊಡವಾಡದಲ್ಲಿದ್ದಳು. ಕಿತ್ತೂರಿನ ಅಜ್ಜ ಈಗಲೇ ಕಳಿಸಿರಿ ಎನ್ನುತ್ತಿದ್ದರು. ದೊಡವಾಡದ ಅಜ್ಜನಿಗೆ ಇನ್ನೊಂದು ತಿಂಗಳು ಬೇಕು. ಕೂಸನ್ನು ಬಿಟ್ಟಿರುವುದು ಇಬ್ಬರಿಗೂ ಆಗದು. ಕೊನೆಗೆ ಪಂಥ ಕಟ್ಟಿದರು: ಯಾರದು ಮೊದಲು ಕೆಟ್ಟು ನನ್ನ ಅಂಗಡಿಗೆ ಬರುತ್ತದೋ ಅವರು ಸೋತಂತೆ; ಇನ್ನೊಂದು ತಿಂಗಳು ಕೂಸು ಗೆದ್ದವರ ಮನೆಯಲ್ಲಿ.

ಕೆಲವೇ ದಿನಗಳಲ್ಲಿ ಕಿತ್ತೂರಿನವರು ಸುಟ್ಟ ಮೋಟರನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದರು. "ಬೀಗರಿಗೆ ಹೇಳಬ್ಯಾಡ್ರಿ" ಎನ್ನುವಷ್ಟರಲ್ಲಿ ಬೀಗರೇ ಎದುರಿಗೆ ಬಸ್ ಇಳಿಯುತ್ತಿದ್ದರು! ಇವರು ಮೋಟರಿಗೆ ಚಾದರ ಹೊದಿಸಿ ಅದರ ಮೇಲೇ ಕುಳಿತುಬಿಟ್ಟರು.

"ಯಾತರ ಮ್ಯಾಲ ಕುಂತೀರಿ ಬೀಗರ?"

"ಕುರ್ಚಿ ಮ್ಯಾಲ."

"ಕುರ್ಚಿ ಸುಟ್ಟ ವಾಸನಿ ಹೊಡಿಯಾಕತ್ತೈತಲ್ರಿ!"

"ಅದಿರಲಿ. ನಿಮ್ಮ ಟವೆಲಿನ್ಯಾಗೇನೈತಿ?"

"ಬುತ್ತಿ."

"ಬುತ್ತಿಯಿಂದ ಡೀಸೆಲ್ ಸೋರಾಕತ್ತೈತಿ ನೋಡ್ರಿ."

ಟವೆಲಿನಲ್ಲಿದ್ದದ್ದು ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್, ಅದೂ ಕೆಟ್ಟಿತ್ತು. ಮೊದಲು ಬಂದವರು ಕಿತ್ತೂರಿನವರು, ಹಾಗಾಗಿ ಸೋತವರೂ ಅವರೇ ಎಂದು ನಾನು ತೀರ್ಪು ಕೊಟ್ಟೆ.

"ಪಾಪ, ಕೂಸಿನ್ನ ಬಿಟ್ಟು ಹ್ವಾದ್ರೇನ್ರಿ?" ಎಂದರು ಮಾಸ್ತರರು.

"ಎಲ್ಲಿ ಹೋಗತಾರ್ರಿ? ಅರಿವಿ ಗಂಟು ಕಟಗೊಂಡು ಸೀದಾ ದೊಡವಾಡಕ್ಕ ಹೋಗಿ ಕುಂತ್ರು."

"ಮತ್ತ ಪಂಥದ ದಂಡ ಕೊಟ್ಟವರ್ಯಾರು?"

"ಗೆದ್ದವರು. ಗಂಡಿನ ಕಡೆ ಬೀಗರು ಮನ್ಯಾಗಿದ್ರ ಬರೇ ರೊಟ್ಟಿ ಬಡಸಾಕ ಬರತೈತೇನ್ರಿ? ಒಂದು ತಿಂಗಳು, ದಿನಾ ಹೋಳಗಿ."