ಅಡಿಗಿ ಪುಸ್ತಕ ಮತ್ತು ನನ್ನ ಕುರ್ಚಿ

ಹಗಲುಗನಸು ಕಾಣಲು ಗ್ರಂಥಾಲಯದಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಮನೆಯಲ್ಲಿ ಕಣ್ಣು ಅರೆಮುಚ್ಚಿ ಕೂತರೆ ಹೆಂಡತಿ ತರಕಾರಿ ಚೀಲ ಕೈಗಿಡುತ್ತಾಳೆ; ಗ್ರಂಥಾಲಯದಲ್ಲಿ ಹಾಗೆ ಕೂತವನನ್ನು ವಿದ್ವಾಂಸ ಅನ್ನುತ್ತಾರೆ. ನಿವೃತ್ತನಾದ ಮೇಲೆ ಪುಣೆಯ ನಮ್ಮ ಕನ್ನಡ ಸಂಘದ ಗ್ರಂಥಾಲಯದಲ್ಲಿ ಮಧ್ಯಾಹ್ನ ಪುಸ್ತಕ ಕೊಡುವ ಕೆಲಸಕ್ಕೆ ನಾನು ಒಪ್ಪಿದ್ದೇ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯನ್ನು ನೋಡಿ. ಹೊರಗೆ ಗುಲ್‌ಮೊಹರ್ ಮರ, ಒಳಗೆ ಹಳೆ ಕಾಗದದ ವಾಸನೆ. ಬಿಸಿಲು ಮೇಜಿನ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಅದರ ಜೊತೆಗೆ ನಾನೂ ಸರಿಯುತ್ತ ಸರಿಯುತ್ತ ಬಾಲ್ಯದ ಮಲಪ್ರಭೆಯ ದಂಡೆ ಮುಟ್ಟುತ್ತಿದ್ದೆ.

ಅಂಥಲ್ಲಿಗೆ ಕಂಪ್ಯೂಟರ್ ಬಂತು. ಪುಸ್ತಕಗಳ ಹೆಸರನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ತುಂಬಿಸಿದರು. ಅಲ್ಲೇ ಎಡವಟ್ಟಾಯಿತು. ನಮ್ಮ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ಅವರವರ ಮನೆಯಲ್ಲಿ ಮಾತಾಡುವ ಹಾಗೆ. ಖರಾಡಿಯ ಐಟಿ ಆಫೀಸುಗಳಲ್ಲಿರುವ ಬೆಂಗಳೂರಿನವರು ‘ಅಡುಗೆ’ ಎಂದು ಒತ್ತಿದರೆ, ನಮ್ಮ ಕಡೆಯವರು ‘ಅಡಿಗಿ’ ಎಂದು ಒತ್ತುತ್ತಾರೆ. ಮರಾಠಿ ಶಾಲೆಯಲ್ಲಿ ಕಲಿತವರದು ಮೂರನೆಯ ದಾರಿ. ಒಂದಕ್ಷರ ಆಚೀಚೆಯಾದರೂ ಕಂಪ್ಯೂಟರ್ ‘ಪುಸ್ತಕ ಇಲ್ಲ’ ಎಂದುಬಿಡುತ್ತಿತ್ತು. ಎಲ್ಲರೂ ಬಂದು ನನ್ನ ನಿದ್ದೆ ಕೆಡಿಸುತ್ತಿದ್ದರು. ಸುಳ್ಳೇಕೆ, ನನಗದು ಹಿತವಾಗಿಯೇ ಇತ್ತು.

ಒಂದು ದಿನ ಸಂಘದ ಕಾರ್ಯದರ್ಶಿಗಳು ಬಂದು, “ರಮ್ಯಾ ಅಂತ ಹುಡುಗಿ ಇದನ್ನ ರಿಪೇರಿ ಮಾಡತಾಳ್ರೀ. ತಪ್ಪು ಬರದ್ರ ‘ಇದು ಬೇಕೇನು?’ ಅಂತ ಅದಽ ಕೇಳತದ. ಜನ ಹೆಂಗ ಹೆಂಗ ತಪ್ಪು ಬರೀತಾರ, ನೀವು ಪಟ್ಟಿ ಮಾಡಿಕೊಡ್ರಿ. ಆಮ್ಯಾಲೆ ಇಲ್ಲಿ ಮನಶ್ಯಾ ಬೇಕೋ ಬ್ಯಾಡೋ ನೋಡೂಣು” ಎಂದರು. ಸಾಲದ್ದಕ್ಕೆ, “ಇನ್ನೊಮ್ಮೆ ನಿದ್ದಿ ಹೊಡಿಯೂದು ಕಂಡ್ರ ಅದಕ್ಕೂ ಕಾಯೂದಿಲ್ಲ” ಎಂದೂ ಸೇರಿಸಿದರು. ನನ್ನ ಕುರ್ಚಿ ಕಳೆಯುವ ಪಟ್ಟಿಯನ್ನು ನಾನೇ ಬರೆಯಬೇಕಾಗಿತ್ತು.

ಬರೆದೆ. ಒಂದೊಂದು ತಪ್ಪು ಬರೆಯುವಾಗಲೂ ಅದನ್ನು ಮಾಡಿದವರ ಮುಖ ಎದುರಿಗೆ ಬರುತ್ತಿತ್ತು. ಹೀಗಾಗಿ ಒಂದು ಪುಟಕ್ಕೆ ಒಂದು ವಾರ ಹಿಡಿಯಿತು. ಒಂದೇ ಒಂದು ಪದ ಮಾತ್ರ ಬೇಕೆಂದೇ ಬಿಟ್ಟೆ: ಬಾಗಲಕೋಟೆ ಕಡೆಯ ಇಂದಿರಾಬಾಯಿಯವರ ‘ಅಡಿಗಿ’. ಅವರು ಪ್ರತಿ ಗುರುವಾರ ಐದಕ್ಕೆ ಸ್ವಲ್ಪ ಮುಂಚೆ ಅದನ್ನೇ ಒತ್ತಿ, ಸಿಗದೆ, ನನ್ನ ಬಳಿ ಬರುತ್ತಿದ್ದರು. ಪುಸ್ತಕ ಕೊಟ್ಟು ಹತ್ತು ನಿಮಿಷ ಊರಿನ ಮಾತಾಡುತ್ತಿದ್ದೆ. ಅದನ್ನೂ ಯಂತ್ರಕ್ಕೆ ಕೊಟ್ಟರೆ ನನಗೇನು ಉಳಿಯಿತು?

ರಮ್ಯಾ ಪಟ್ಟಿ ನೋಡಿ, “ಸೂಪರ್ ಅಂಕಲ್. ಒಂದೆರಡು ಅಕ್ಷರ ಹೆಚ್ಚುಕಮ್ಮಿ ಆದ್ರೆ ಲಿಸ್ಟಲ್ಲಿ ಇಲ್ದಿದ್ರೂ ಅದೇ ಕಂಡುಹಿಡಿಯುತ್ತೆ” ಎಂದಳು. ನಾನು ಗುಲ್‌ಮೊಹರ್ ನೋಡುತ್ತ ಹೂಂಗುಟ್ಟಿದೆ.

ಮುಂದಿನ ಗುರುವಾರ. “ಅಡಿಗಿ ಪುಸ್ತಕ ಇಲ್ಲ ಅಂತದ್ರೀ ಇದು” ಎಂಬ ದನಿಗೆ, ಮೇಜಿನ ರಿಜಿಸ್ಟರಿನ ಮೇಲೆ ತಲೆಯಿಟ್ಟಿದ್ದ ನನಗೆ ಎಚ್ಚರವಾಯಿತು. ಗೆದ್ದೆನೆಂದುಕೊಂಡು ಎದ್ದು ನಡೆದರೆ, ಪರದೆಯ ಮೇಲೆ ‘ಅಡುಗೆ, ಇದು ಬೇಕೇ? ನಾಲ್ಕನೆಯ ಕಪಾಟು’ ಎಂದು ಸ್ಪಷ್ಟವಾಗಿ ಬಂದಿದೆ.

“ಇದು ಹೇಳ್ಯದಲ್ರೀ, ಇಂದಿರಾಬಾಯಿ.”

“ಹೇಳ್ಯದ. ನಲವತ್ತು ವರ್ಷ ಅಡಿಗಿ ಮಾಡಿದಾಕಿಗೆ ಅಡಿಗಿ ಪುಸ್ತಕ ಯಾಕ ಬೇಕ್ರೀ? ಪ್ರತಿ ಗುರುವಾರ ಐದಕ್ಕ ಕಾರ್ಯದರ್ಶಿ ಬರತಾರ. ನಿಮ್ಮ ಗೊರಕಿ ಬಾಗಲತನಾ ಕೇಳಸ್ತದ. ಎಬ್ಬಸಾಕ ಏನರೆ ನೆವ ಬೇಕಲ್ಲ?”

ಅಷ್ಟರಲ್ಲಿ ಕಾರ್ಯದರ್ಶಿಗಳು ಮೆಟ್ಟಿಲೇರಿ ಬಂದರು. “ಕಂಪ್ಯೂಟರಿಗೆ ತಿಳೀಲಿಲ್ರೀ, ಇವರಽ ಹುಡುಕಿ ಕೊಟ್ರು” ಎಂದರು ಇಂದಿರಾಬಾಯಿ, ಒಂದಿಷ್ಟೂ ಅಳುಕದೆ. ಕಾರ್ಯದರ್ಶಿಗಳು ನನ್ನ ಮುಖವನ್ನು ದಿಟ್ಟಿಸಿ, “ಇವರು ಇರಲಿ ಬಿಡ್ರಿ ಹಂಗಾದ್ರ” ಎಂದು ಹೊರಟುಹೋದರು.

ಮನೆಗೆ ಹೋದ ಮೇಲೆ ಹೆಂಡತಿ ಕನ್ನಡಿ ತಂದು ಮುಂದೆ ಹಿಡಿದಳು. ನನ್ನ ಬಲಗೆನ್ನೆಯ ಮೇಲೆ ರಿಜಿಸ್ಟರಿನ ಸುರುಳಿ ತಂತಿಯ ಗುರುತು ಉದ್ದಕ್ಕೂ ಇನ್ನೂ ಹಾಗೇ ಇತ್ತು.