ಒಂದೇ ದಿನದಲ್ಲಿ ಮುದಿಯಾದ ಪಿಕಪ್

ಎಲ್ಲಕ್ಕೂ ಕಾರಣ ಅಕ್ಕನ ಒಂದು ಫೋನು.

"ನಿನ್ನ ಸೋದರಳಿಯ ಬಿಷ್ಕೆಕ್ ಬಿಟ್ಟಿದ್ದಾನೆ ಕಣೋ. ಮಧ್ಯಾಹ್ನದ ಊಟಕ್ಕೆ ನಿಮ್ಮನೇಲಿರ್ತಾನೆ. ನಿನ್ನ ಹತ್ರ ಏನೋ ಕೇಳ್ಬೇಕಂತೆ, ಬಾಯಿಬಿಟ್ಟು ಹೇಳೋಕೆ ನಾಚಿಕೆ ಅವನಿಗೆ. ಇಲ್ಲ ಅನ್ಬೇಡ" ಅಂದವಳು, ಏನಂತೆ ಎಂದು ತಮ್ಮ ಕೇಳುವಷ್ಟರಲ್ಲಿ ಫೋನಿಟ್ಟುಬಿಟ್ಟಳು.

ಟೊಕ್ತೊಸುನ್ ಆಗ ತನ್ನ ಪಿಕಪ್ಪಿನ ಕೆಳಗೆ ಮಲಗಿ ಗ್ರೀಸ್ ಹಚ್ಚುತ್ತಿದ್ದ. ಕೇಳಿದ ಮಾತಿಗೆ ಧಡಕ್ಕನೆ ಏಳಲು ಹೋಗಿ ಹಣೆ ಕಬ್ಬಿಣಕ್ಕೆ ಬಡಿಯಿತು. ಹಣೆಯ ಬುಗುಟು ಅವನಿಗೆ ಗೊತ್ತಾಗಲೇ ಇಲ್ಲ. ಸೋದರಳಿಯ ಎಂಬ ಪ್ರಾಣಿ ಏನೆಂದು ಅವನಿಗೆ ಗೊತ್ತಿತ್ತು. ಅಳಿಯ ಸೋದರಮಾವನ ಮನೆಗೆ ಬಂದು, ಹಿರಿಯರ ಎದುರು ಒಂದು ವಸ್ತುವಿಗೆ ಬೆರಳು ತೋರಿಸಿದನೆಂದರೆ ಮುಗಿಯಿತು; ಕೊಡಲೇಬೇಕು. ಇಲ್ಲವೆಂದವನ ಮುಖವನ್ನು ನಾರಿನ್ ಸೀಮೆಯಲ್ಲಿ ನಾಯಿಯೂ ಮೂಸುವುದಿಲ್ಲ. ಪಕ್ಕದ ಮನೆಯ ಸಾತಿಬಾಲ್ದಿಯ ಅಳಿಯ ಹೋದ ವರ್ಷ ಬಂದು ಪಂದ್ಯದ ಕುದುರೆಯನ್ನು ಜೀನಿನ ಸಮೇತ ಹೊಡೆದುಕೊಂಡು ಹೋಗಿದ್ದ. ಸಾತಿಬಾಲ್ದಿ ಇವತ್ತಿಗೂ ಕುದುರೆ ಕೆನೆದರೆ ಕಣ್ಣೊರೆಸಿಕೊಳ್ಳುತ್ತಾನೆ.

ಈ ಪಿಕಪ್ಪಾದರೋ ಟೊಕ್ತೊಸುನ್‌ನ ಪ್ರಾಣ. ಜಪಾನಿನಿಂದ ಬಂದ ಹಳೇ ಗಾಡಿ, ಸ್ಟೀರಿಂಗ್ ಬಲಗಡೆ. ಎರಡು ಹೆಣ್ಣುಕುದುರೆ ಮಾರಿ ತಂದು, ಎತ್ತರದ ಸ್ಪ್ರಿಂಗು ಕೂರಿಸಿ, ಸೊಂಟದೆತ್ತರದ ಟೈರು ಹಾಕಿ, ಹೊಳೆಯಲ್ಲಿ ಮುಳುಗಿದರೂ ಎಂಜಿನ್ನು ಉಸಿರಾಡಲೆಂದು ಬಾನೆಟ್ಟಿನ ಪಕ್ಕದಿಂದ ಮಾಡಿನವರೆಗೆ ಕೊಳವೆ ಏರಿಸಿ, ಮುಂದೆ ಹಗ್ಗ ಸುತ್ತುವ ವಿಂಚು ಕಟ್ಟಿದ್ದ. ಬೇಸಿಗೆಯಲ್ಲಿ ಹಿಮ ಕರಗಿ ಹೊಳೆ ಉಕ್ಕಿದಾಗ ಊರಿನಿಂದ ಆಚೆ ದಾಟುವ ಗಾಡಿ ಅದೊಂದೇ. ಹೆಂಡತಿ ಬುರುಲ್‌ಗೆ ಒಂದು ಒಳ್ಳೆ ಸ್ಕಾರ್ಫು ತರಲು ಮೂರು ವರ್ಷದಿಂದ ಅವನಿಗೆ ನೆನಪಾಗಿರಲಿಲ್ಲ. ಗಾಡಿಯ ಎಣ್ಣೆ ಬದಲಿಸುವುದು ಮಾತ್ರ ಒಮ್ಮೆಯೂ ಮರೆತಿರಲಿಲ್ಲ.

"ಬೀಗ ಹಾಕಿ ಬಚ್ಚಿಡಿ" ಅಂದಳು ಬುರುಲ್.

"ಎಲ್ಲಿ ಬಚ್ಚಿಡ್ಲಿ? ನಿನ್ನ ಹಾಸಿಗೆ ಕೆಳಗಾ? ಗಾಡಿ ಇದೆ ಅಂತ ಅಕ್ಕನಿಗೆ ಗೊತ್ತು."

ಬೇಲಿಯಾಚೆಯಿಂದ ಸಾತಿಬಾಲ್ದಿಯ ತಲೆ ಮೂಡಿತು. ಊರಿನಲ್ಲಿ ಯಾರ ಮನೆಯಲ್ಲಿ ಯಾರು ಸೀನಿದರೂ ಆ ತಲೆ ಮೂಡುತ್ತದೆ.

"ಅಣ್ಣಾ, ಬಚ್ಚಿಡಬಾರದು. ಕೆಡಿಸಬೇಕು. ನನ್ನ ಕುದುರೆಗೆ ಅವತ್ತು ಒಂಚೂರು ಕುಂಟು ಬರಿಸಿದ್ದಿದ್ರೆ ಅದು ಇವತ್ತೂ ನನ್ನ ಕೊಟ್ಟಿಗೇಲಿರ್ತಿತ್ತು. ಕಂಡ್ರೆ ಕಾಲಲ್ಲೂ ಮುಟ್ಟಬಾರದು, ಹಂಗಿರಬೇಕು ನಿಮ್ಮ ಗಾಡಿ."

ಮಾತು ಸರಿಯೆನಿಸಿತು. ಊರಿನ ಹಿರಿಯ ಮಾಮಿರ್ಕನ್ ತಾತನ ಕಿವಿಗೂ ಸುದ್ದಿ ಬಿತ್ತು. ಹೊಳೆ ದಾಟಿ ಹಲ್ಲಿನ ಡಾಕ್ಟರ ಬಳಿ ಹೋಗಲು ತಾತನಿಗೂ ಆ ಗಾಡಿಯೇ ಗತಿ. ಹಾಗಾಗಿ ಗಡ್ಡ ನೀವಿಕೊಳ್ಳುತ್ತಾ, "ಇದರಲ್ಲಿ ಸುಳ್ಳೇನೂ ಇಲ್ಲಪ್ಪ, ಗಾಡಿಗೂ ಒಂದು ದಿನ ವಿಶ್ರಾಂತಿ ಬೇಡ್ವೇ" ಎಂದು ಅಪ್ಪಣೆ ಕೊಟ್ಟುಬಿಟ್ಟ.

ಕೆಲಸ ಶುರುವಾಯಿತು. ದೊಡ್ಡ ಟೈರು ಬಿಚ್ಚಿ ತಾತನ ಕೊಟ್ಟಿಗೆಗೆ ಉರುಳಿಸಿದರು. ಹಳೆಯ ಚಿಕ್ಕ ಟೈರುಗಳಲ್ಲಿ ಒಂದರಲ್ಲಿ ಬುರುಲ್ ಈರುಳ್ಳಿ ಬೆಳೆಸಿದ್ದಳು, ಇನ್ನೊಂದರಲ್ಲಿ ಕೋಳಿ ಕಾವಿಗೆ ಕೂತಿತ್ತು. ಈರುಳ್ಳಿಯೂ ಹೋಯಿತು, ಕೋಳಿಯೂ ಬೈದುಕೊಂಡು ಎದ್ದಿತು, ಆ ಟೈರುಗಳು ಗಾಡಿಗೇರಿದವು. ವಿಂಚು ಸಾತಿಬಾಲ್ದಿಯ ಮನೆಯ ರಜಾಯಿಗಳ ಅಟ್ಟಿಯೊಳಗೆ ಸೇರಿತು. ಕೊಳವೆ ಕಿತ್ತ ಜಾಗದಲ್ಲಿ ಅಂಗೈಯಗಲದ ತೂತು ಉಳಿಯಿತು. ಅದಕ್ಕೆ ಹಳೇ ಕಂಬಳಿಯ ಚೂರು ತುರುಕಿದರು.

ಆದರೂ ಗಾಡಿ ಎದೆಯುಬ್ಬಿಸಿ ಎತ್ತರಕ್ಕೇ ನಿಂತಿತ್ತು. ಹೊಸ ಸ್ಪ್ರಿಂಗು ಬಿಚ್ಚಲು ಪುರಸೊತ್ತಿರಲಿಲ್ಲ.

"ಕಲ್ಲು ಹೇರಿ" ಅಂದ ಸಾತಿಬಾಲ್ದಿ. ಹೊಳೆಯ ಗುಂಡುಕಲ್ಲುಗಳನ್ನು ಹಿಂದೆ ತುಂಬಿ, ಮೇಲೆ ಕುರಿಗೊಬ್ಬರ ಸುರಿದರು. ಗಾಡಿ ಹಿಂಗಾಲ ಮೇಲೆ ಕುಕ್ಕರಿಸಿತು. ಸಾತಿಬಾಲ್ದಿಗೆ ಹುರುಪೇರಿತು. ಯಾರೂ ಹೇಳದಿದ್ದರೂ ಸುತ್ತಿಗೆ ತಂದು ಬಾಗಿಲಿಗೆ ಢಣಾರನೆ ಹೊಡೆದ.

"ಅಯ್ಯೋ ನಿನ್ನ ಕೈ ಸೇದಿಹೋಗ! ಅದ್ಯಾಕೋ?"

"ಸಾಚಾ ಕಾಣಬೇಕಲ್ಲ ಅಣ್ಣಾ. ಇನ್ನೊಂದು ಹೊಡೀಲಾ?"

ಹೊಡೆದೇಬಿಟ್ಟ. ಬಾಗಿಲಿನ ಕೀಲು ಸಡಿಲವಾಯಿತು. ಟೊಕ್ತೊಸುನ್ ಮುಖ ತಿರುಗಿಸಿಕೊಂಡು ಬಿಕ್ಕಿದ. ಹೆತ್ತ ಮಗುವನ್ನು ಹೊಡೆದಿದ್ದರೂ ಅಷ್ಟು ನೋಯುತ್ತಿತ್ತೋ ಇಲ್ಲವೋ.

ಸೋದರಳಿಯ ಎರ್ಮೆಕ್ ಬಂದ. ಹೊಳೆಯಾಚೆ ಟ್ಯಾಕ್ಸಿ ಇಳಿದು, ಕಾಲುಸಂಕ ದಾಟಿ, ಕೈಯಲ್ಲಿ ಅತ್ತೆಗೆಂದು ಮಿಠಾಯಿಯ ಡಬ್ಬಿ ಹಿಡಿದು ಬಂದ. ರಾಜಧಾನಿ ಬಿಷ್ಕೆಕ್‌ನಲ್ಲಿ ಔಷಧದಂಗಡಿ ಇಟ್ಟಿದ್ದ ಹುಡುಗ. ಮೆತ್ತಗಿನ ಮನಸ್ಸು, ಸೊಳ್ಳೆ ಹೊಡೆಯಲೂ ಹಿಂದೆಮುಂದೆ ನೋಡುವವನು.

"ಮಾವ, ಅಮ್ಮ ಯಾವಾಗ್ಲೂ ಹೇಳ್ತಿರೋ ಗಾಡಿ ಇದೇನಾ?"

"ಇದೇಪ್ಪ" ಅಂದ ಟೊಕ್ತೊಸುನ್, ಧ್ವನಿಯಲ್ಲಿ ಆದಷ್ಟು ದಾರಿದ್ರ್ಯ ತುಂಬಿ. "ಏನೋ, ಬಡವನ ಗಾಡಿ. ಇದರಲ್ಲೇ ಗುಡ್ಡ ಹತ್ತಿಳಿಯೋದು."

"ಒಂದು ಸುತ್ತು ಹೋಗೋಣ್ವಾ ಮಾವ?"

ಬೇಲಿಯ ಮೇಲೆ ಕೂತಿದ್ದ ಸಾತಿಬಾಲ್ದಿ, ಹೂಂ ಹೋಗಿ ಎಂದು ಕಣ್ಣು ಮಿಟುಕಿಸಿದ. ಗಾಡಿ ಕೆಮ್ಮಿತು, ಉಗುಳಿತು, ಹೊರಟಿತು. ಮೊದಲ ತಿರುವಿನಲ್ಲಿ ಬಾಗಿಲು ಕಳಚಿ ಎರ್ಮೆಕ್‌ನ ತೊಡೆಯ ಮೇಲೆ ಬಂತು. ಇಳಿಜಾರಿನಲ್ಲಿ ಹಿಂದಿನ ಕಲ್ಲುಗಳು ಗುಡುಗಿದವು. ಭಾರಕ್ಕೆ ಬ್ರೇಕು ಹಿಡಿಯದೆ, ಗಾಡಿ ತಾತನ ಹುಲ್ಲಿನ ಬಣವೆಗೆ ನುಗ್ಗಿ ನಿಂತಿತು. ಕುರಿಗೊಬ್ಬರವೆಲ್ಲ ಹಿಂದಿನ ಕಿಟಕಿಯಿಂದ ನುಗ್ಗಿ ಇಬ್ಬರ ತಲೆಯ ಮೇಲೆ ಸುರಿಯಿತು. ಅಳಿಯ ಬಿಳಿಚಿಕೊಂಡದ್ದನ್ನು ಕಂಡು ಟೊಕ್ತೊಸುನ್‌ಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಇನ್ನು ಇವನು ಕುದುರೆ ಕೇಳಲಿ, ಕಂಬಳಿ ಕೇಳಲಿ, ಖುಷಿಯಿಂದ ಕೊಟ್ಟೇನು ಎಂದುಕೊಂಡ.

ತಲೆ ತೊಳೆದುಕೊಂಡು ಬಂದು, ತಾತ ಮತ್ತು ಸಾತಿಬಾಲ್ದಿಯ ಜೊತೆ ಊಟಕ್ಕೆ ಕೂತರು. ಎರ್ಮೆಕ್ ಮಾಂಸ ಮುಟ್ಟಲಿಲ್ಲ. ಕೊನೆಗೆ ಹುಳಿ ಬರಿಸಿದ ಕುದುರೆಹಾಲು ಕುಮಿಸ್‌ನ ಬಟ್ಟಲು ಕೆಳಗಿಟ್ಟು ತಾತನ ಕಡೆ ತಿರುಗಿದ.

"ತಾತ, ನಾನು ಬಂದಿದ್ದು ಬೇರೇನೋ ಕೇಳೋಕೆ. ಈಗ ಅದು ಬೇಡ. ಅಳಿಯನ ಹಕ್ಕಿನಿಂದ ಒಂದೇ ಒಂದು ಕೇಳ್ತೀನಿ. ಮಾವನ ಆ ಗಾಡಿ ನನಗೆ ಬೇಕು."

ಟೊಕ್ತೊಸುನ್‌ನ ಕೈಯಿಂದ ಮೂಳೆ ಜಾರಿತು. "ಆ ಡಬ್ಬಾನಾ? ಅದು ಯಾಕೋ ನಿಂಗೆ?"

"ಗುಜರಿಗೆ ಹಾಕ್ತೀನಿ ಮಾವ. ಇರೋನು ಒಬ್ಬ ಸೋದರಮಾವ. ಅದರಲ್ಲಿ ಗುಡ್ಡ ಇಳೀತಾ ನೀವು ಸತ್ತುಹೋದ್ರೆ ಅಮ್ಮನಿಗೆ ಏನಂತ ಹೇಳ್ಲಿ? ಬೇರೆ ಹೇಗೆ ಕೇಳಿದ್ರೂ ನೀವು ಬಿಡಲ್ಲ, ಅದಕ್ಕೇ ಹಕ್ಕು ಚಲಾಯಿಸ್ತಿದ್ದೀನಿ." ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನೀರಾಡಿತು.

ಟೊಕ್ತೊಸುನ್ ಬಾಯಿ ತೆರೆದ. ಅಷ್ಟರಲ್ಲಿ, ಇಂಥ ಅಳಿಯನನ್ನು ಕಂಡು ಕರಗಿಹೋಗಿದ್ದ ತಾತ ಎರಡೂ ಅಂಗೈ ಮೇಲೆತ್ತಿ ಹರಸಿಯೇಬಿಟ್ಟಿದ್ದ. "ಕೊಟ್ಟವನ ಮನೆ ತುಂಬಲಿ, ಪಡೆದವನ ದಾರಿ ತೆರೆಯಲಿ, ಓಮಿನ್!" ಎಲ್ಲರ ಕೈಗಳೂ ಮುಖ ಸವರಿಕೊಂಡು ಇಳಿದವು. ಟೊಕ್ತೊಸುನ್‌ನ ಕೈಗಳೂ ರೂಢಿಯಂತೆ ಇಳಿದವು. ಹಿರಿಯರು ಹರಸಿದ ಮೇಲೆ ದೇವರೂ ವಾಪಸು ಕೇಳುವಂತಿಲ್ಲ.

ಹರಸಿದ ಮೇಲಷ್ಟೇ ತಾತನಿಗೆ ತನ್ನ ಕೊಟ್ಟಿಗೆಯಲ್ಲಿದ್ದ ಟೈರುಗಳ ನೆನಪಾಯಿತು. ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಅಳಿಯನಿಗೆ ಕೊಡೋದನ್ನ ಅರ್ಧಂಬರ್ಧ ಕೊಡಬಾರದು. ಲೋ ಸಾತಿಬಾಲ್ದಿ, ಎಲ್ಲಾ ತಗೊಂಬಾ. ಮಗಾ ಎರ್ಮೆಕ್, ನಿನ್ನ ಮಾವ ಅದನ್ನ ಬಿಚ್ಚಿಟ್ಟಿದ್ದೇ ನಿನಗೋಸ್ಕರ ಹೊಸದಾಗಿ ಜೋಡಿಸಿಕೊಡೋಣ ಅಂತ."

ತಾತ ಟೊಕ್ತೊಸುನ್‌ನ ಮರ್ಯಾದೆ ಉಳಿಸಿದ. ಗಾಡಿ ಉಳಿಯಲಿಲ್ಲ. ಟೈರು ಉರುಳುತ್ತಾ ಬಂದವು, ರಜಾಯಿಯಿಂದ ವಿಂಚು ಎದ್ದಿತು, ಸಾತಿಬಾಲ್ದಿ ಅದೇ ಸುತ್ತಿಗೆಯಿಂದ ಬಾಗಿಲು ನೆಟ್ಟಗೆ ಮಾಡಿದ. ಕಲ್ಲು ಇಳಿಸಿ, ನಟ್ಟು ಬಿಗಿದು, ಕೊಳವೆ ಕೂರಿಸಿ, ಟೊಕ್ತೊಸುನ್ ತನ್ನ ಕೈಯಾರೆ ಗಾಡಿಯನ್ನು ಮದುಮಗನಂತೆ ಸಿಂಗರಿಸಿದ. ಅಭ್ಯಾಸಬಲದಿಂದ ಗ್ರೀಸನ್ನೂ ಹಚ್ಚಿದ.

"ಮಾವ! ನನಗೋಸ್ಕರ ಇಷ್ಟೆಲ್ಲಾ!" ಎಂದು ಎರ್ಮೆಕ್ ಅಪ್ಪಿಕೊಂಡು ಅತ್ತ. ಟೊಕ್ತೊಸುನ್ ಕೂಡ ಅತ್ತ. ನೋಡಿದವರು, ಮಾವ ಅಳಿಯ ಅಂದರೆ ಹೀಗಿರಬೇಕು ಅಂದರು.

ಸಂಜೆ ಎಂಜಿನ್ನು ಚಾಲೂ ಮಾಡಿ, ಎರ್ಮೆಕ್ ಕಿಟಕಿಯಿಂದ ತಲೆ ಹೊರಹಾಕಿದ.

"ನಿಜ ಹೇಳ್ಬೇಕಂದ್ರೆ ಮಾವ, ನಾನು ಬಂದಿದ್ದು ಒಂದು ನಾಯಿಮರಿ ಕೇಳೋಕೆ. ನಿಮ್ಮ ಬೇಟೆನಾಯಿ ಮರಿ ಹಾಕಿದೆ ಅಂತ ಅಮ್ಮ ಹೇಳಿದ್ರು."

"ತಗೊಂಡ್ಹೋಗಪ್ಪಾ!" ಟೊಕ್ತೊಸುನ್ ಕಿಟಕಿಗೆ ಜೋತುಬಿದ್ದ. "ಒಂದ್ಯಾಕೆ, ಎಲ್ಲಾ ತಗೊಂಡ್ಹೋಗು, ತಾಯಿನೂ ತಗೊಂಡ್ಹೋಗು, ಗಾಡಿ..."

"ಛೆ ಛೆ, ಅಷ್ಟು ಆಸೆ ಪಡಬಾರದು ಮಾವ. ಒಂದು ಕೇಳಿದ್ದೀನಿ, ಕೊಟ್ಟಿದ್ದೀರಿ. ಸಾಕು."

ಗಾಡಿ ಹೊಳೆಗಿಳಿಯಿತು. ಸಂಜೆಯ ಹಿಮನೀರು ಬಾನೆಟ್ಟಿನ ಮೇಲೆ ಹರಿದರೂ ಎಂಜಿನ್ನಿನ ಸದ್ದು ಒಂದಿಷ್ಟೂ ತಡವರಿಸಲಿಲ್ಲ. ಇಷ್ಟು ವರ್ಷ ಒಳಗೆ ಕೂತೇ ದಾಟಿದ್ದ ಟೊಕ್ತೊಸುನ್, ತಾನು ಕೂರಿಸಿದ ಕೊಳವೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದು ದಡದಲ್ಲಿ ನಿಂತು ನೋಡಿದ್ದು ಅದೇ ಮೊದಲು.