ಡಬಲ್ ಪಗಾರ, ಒಂದೂಕಾಲು ತಾಸಿನ ದಾರಿ

ಹದಿನಾರು ವರ್ಷದಿಂದ ಮಂದಿ ಕೂಸು ಆಡ್ಸೂದ ನನ್ನ ಕೆಲಸ. ಕೂಸು ಇದ್ದ ಮನ್ಯಾಗ ದಿನಾ ಒಂದಿಲ್ಲೊಂದು ಆಗೇ ಆಗತೈತಿ. ನಗಬಾರದು ಅಂತ ಎಷ್ಟ ಬಿಗಿ ಹಿಡಿದ್ರೂ ಸೆರಗು ತಾನ ಬಾಯಿಗೆ ಹೋಗತೈತಿ. ಆದ್ರ ಹೋದ ವರ್ಷ ಕೊಪ್ಪಳದಿಂದ ಒಂದು ಫೋನ್ ಬಂತು ನೋಡ್ರಿ, ಅಲ್ಲಿಂದ ಮುಂದ ಆಗಿದ್ದು ಮಾತ್ರ ಒಂದಕ್ಕಿಂತ ಒಂದು ಮಿಗಿಲು.

೧. ಡಬಲ್

ಯಲಬುರ್ಗಾದಾಗ ನಮ್ಮ ಓಣ್ಯಾಗ ಒಬ್ರು ಲೆಕ್ಕದ ಮಾಸ್ತರು ಅದಾರ. ಅವರ ಹೆಂಡ್ತಿನೂ ಸಾಲಿ ಅಕ್ಕೋರ. ಇಬ್ರೂ ಸಾಲಿಗೆ ಹೋದ ಮ್ಯಾಲ ಅವರ ಮಗಳನ್ನ ನಾ ನೋಡ್ಕೊತಿದ್ದೆ. ನಮ್ಮ ಬಾಗಿಲದಿಂದ ಅವರ ಬಾಗಿಲಕ್ಕ ನಲವತ್ತು ಹೆಜ್ಜಿ. ಹುಡುಗಿಗೆ ಮೂರೂವರಿ ವರ್ಷ, ನನಗ ದೊಡ್ಡವ್ವ ಅಂತಾಳ. ಮಾತು ಮಾತ್ರ ಮೂವತ್ತು ವರ್ಷದಾಕಿದು.

ಅವತ್ತು ಆಕಿಗೆ ಉಪ್ಪಿಟ್ಟು ತಿನ್ನಸಾಕತ್ತಿದ್ದೆ. ಫೋನ್ ಮಾಡಿದಾಕಿ ನನ್ನ ಹಳೇ ಗೆಳತಿ, ಮೊದಲು ನಮ್ಮೂರಾಗ ಇದ್ಲು, ಈಗ ಕೊಪ್ಪಳದಾಗ ನರ್ಸ್. ನಾ ಮೊಟ್ಟ ಮೊದಲು ಆಡ್ಸಿದ್ದು ಆಕಿ ಮಗಳನ್ನ.

"ಇಲ್ಲೆ ಇಬ್ರು ಡಾಕ್ಟರು ಅದಾರ, ಗಂಡ ಹೆಂಡ್ತಿ, ಮೈಸೂರು ಕಡಿಯವರು. ಹತ್ತು ತಿಂಗಳ ಹೆಣ್ಣುಕೂಸು. ನೋಡ್ಕೊಳ್ಳಾಕ ಯಾರೂ ಸಿಗವಲ್ರು. ನಿನಗ ಈಗ ಎಷ್ಟ ಬರತೈತೋ ಅದರ ಡಬಲ್ ಕೊಡ್ತಾರಂತ. ಬರ್ತೀಯೇನು?"

"ಡಬಲ್?" ಅಂತ ನಾ ಒದರಿದ್ದು ಓಣಿಗೆಲ್ಲ ಕೇಳ್ತು. ಖುಷಿಗೆ ಹುಡುಗಿನ್ನ ಎತ್ಕೊಂಡು ಪಡಸಾಲ್ಯಾಗ ಎರಡ ಸುತ್ತು ತಿರುಗಿದೆ. ಆಕಿಗೂ ಏನೋ ಆಟ ಅನಿಸ್ತು. "ಡಬಲ್! ಡಬಲ್!" ಅಂತ ತಾನೂ ಕುಣದ್ಲು.

ಆಮ್ಯಾಲ ನಾನು ಆಕಿ ಕಿವ್ಯಾಗ, "ಇದನ್ನ ಯಾರಿಗೂ ಹೇಳಬ್ಯಾಡ" ಅಂದೆ. ಅದ ತಪ್ಪಾತು. ಮಾಸ್ತರು ಸಂಜಿ ಚಪ್ಪಲಿ ಬಿಡೂದ್ರಾಗ ಓಡಿ ಹೋಗಿ, "ಅಪ್ಪಾ, ಡಬಲ್!" ಅಂದ್ಲು.

ಮಾಸ್ತರ ಮಾರಿ ಅರಳ್ತು. "ಕೇಳಿದ್ಯಾ? ಎರಡರ ಮಗ್ಗಿ ಶುರು ಮಾಡ್ಯಾಳ!" ಅಂತ ಹೆಂಡ್ತಿನ್ನ ಕೂಗಿ, ಮಗಳ ಮುಂದ ಕುಂತ್ರು. "ಹೇಳವ್ವಾ, ಯಾವುದರ ಡಬಲ್?"

"ದೊಡ್ಡವ್ವನ ಪಗಾರದ್ದು!"

೨. ಮಾಸ್ತರ ಲೆಕ್ಕ

ಮಾಸ್ತರು ಸಿಟ್ಟಿಗೇಳೋ ಮನುಷ್ಯಾ ಅಲ್ಲ, ಲೆಕ್ಕಕ್ಕ ಏಳೋ ಮನುಷ್ಯಾ. ಮರುದಿನ ಮಗಳ ಸ್ಲೇಟು ತಗೊಂಡು ನನ್ನ ಎದುರಿಗೆ ಕುಂತ್ರು.

"ಒಬ್ಬ ಮಹಿಳೆಯು ಮುಂಜಾನೆ ಏಳು ಗಂಟೆಗೆ ಯಲಬುರ್ಗಾದಿಂದ ಹೊರಡುತ್ತಾಳೆ," ಅಂತ ಶುರು ಮಾಡಿದ್ರು. ಲೆಕ್ಕ ಹೇಳೂವಾಗ ಅವರ ಬಾಯಾಗ ಪುಸ್ತಕದ ಭಾಷೆನ ಬರೂದು. "ಹೋಗಲು ಒಂದೂಕಾಲು ತಾಸು. ಬರಲು ಒಂದೂಕಾಲು ತಾಸು. ಬಸ್ಸಿಗಾಗಿ ಕಾಯಲು ಅರ್ಧ ತಾಸು. ಹಾಗಾದರೆ ಆಕೆಯು ದಿನಕ್ಕೆ ಎಷ್ಟು ತಾಸು ಕಳೆದುಕೊಳ್ಳುತ್ತಾಳೆ?"

"ಮೂರು," ಅಂದೆ.

"ಕರೆಕ್ಟ್. ಆ ಮೂರು ತಾಸು ಕೆಲಸದೊಳಗ ಕೂಡ್ಸಿ ನೋಡ್ರಿ. ತಾಸಿಗೆ ಇಷ್ಟು ಅಂತ ಬಿಡಿಸಿದ್ರ ಡಬಲ್ ಎಲ್ಲಿ ಬಂತು? ನಡುವ ಸೋರಿ ಹೋತು." ಗೀಟು ಹೊಡೆದು ಉತ್ತರ ಬರದ್ರು. ಬಾಜೂಕ ಕುಂತಿದ್ದ ಅಕ್ಕೋರು ಗೋಣು ಹಾಕಿದ್ರು. ಹುಡುಗಿ ಚಪ್ಪಾಳಿ ಹೊಡೆದ್ಲು.

ನಾ ಸ್ಲೇಟು ಇಸ್ಕೊಂಡು ನೋಡಿದೆ. "ಸರ್, ಒಂದು ತಪ್ಪ ಆಗೇತ್ರಿ."

ಮಾಸ್ತರು ಕನ್ನಡಕ ಸರಿ ಮಾಡ್ಕೊಂಡ್ರು. "ಎಲ್ಲಿ?"

"ಬಸ್ಸಿನ್ಯಾಗ ಕುಂತಿದ್ದು ನೀವು ಕೆಲಸ ಅಂತ ಹಿಡಿದೀರಿ. ನಾ ಮನ್ಯಾಗ ಮುಂಜಾನಿ ಐದಕ್ಕ ಎದ್ರ ರಾತ್ರಿ ಮಲಗೂ ತನಕ ಒಂದ ಕಡೆ ಕುಂತಿದ್ದು ನೀವ್ಯಾವಾಗರ ನೋಡೀರೇನು? ದಿನಾ ಎರಡೂವರಿ ತಾಸು ಸುಮ್ಮ ಕುಂದ್ರಾಕ ಸಿಗತೈತಿ ಅಂದ್ರ ಅದು ಪಗಾರದ ಮ್ಯಾಲ ಬೋನಸ್ ಅಲ್ಲೇನ್ರಿ?"

ಮಾಸ್ತರು ಸ್ಲೇಟಿನ ಮ್ಯಾಲಿನ ಉತ್ತರ ಒರಿಸಿದ್ರು. ಅಕ್ಕೋರು ಮಾತ್ರ ಎದ್ದು ಒಳಗ ಹೋಗ್ತಾ, "ಕೊಪ್ಪಳದಾಗ ಅಕ್ಕೋರ ಕೆಲಸನೂ ಖಾಲಿ ಐತೇನು ಕೇಳಿ ಬರ್ರಿ" ಅಂದ್ರು.

೩. ಮನ್ಯಾಗ ಮೀಟಿಂಗು

ನಮ್ಮ ಮನಿಯವರು ಹಿಟ್ಟಿನ ಗಿರಣಿ ನಡಸ್ತಾರ. ದಿನಾ ಗಿರಣಿ ಸಪ್ಪಳದಾಗ ಇದ್ದು ಇದ್ದು ಮನ್ಯಾಗೂ ಒದರೇ ಮಾತಾಡ್ತಾರ. ಉಂಡ ಮ್ಯಾಲ ವಿಷಯ ತಗದೆ.

"ಹೋಗು! ಯಾರ ಬ್ಯಾಡಂದ್ರು!" ಅಂತ ಒದರಿದ್ರು. ಆಮ್ಯಾಲ ಏನೋ ನೆನಪಾಗಿ ದನಿ ಸಣ್ಣ ಮಾಡಿ, "ಅಲ್ಲಾ, ಮುಂಜಾನಿ ರೊಟ್ಟಿ?" ಅಂದ್ರು.

"ಹಿಟ್ಟು ನೀವ ಬೀಸ್ತೀರಿ. ಅದರ ಮುಂದಿಂದು ಎರಡ ಹೆಜ್ಜಿ, ಕಲೀರಿ."

ನಮ್ಮ ಅತ್ತಿ ಮೂಲ್ಯಾಗ ಕುಂತು ಬಳ್ಳೊಳ್ಳಿ ಸುಲಿಯಾಕತ್ತಿದ್ಲು. ಬ್ಯಾಡ ಅಂದ್ರ ಆಕಿ ಒಬ್ಬಾಕಿನ ಬ್ಯಾಡ ಅನ್ನಾಕಿ ಅಂತ ನಾ ಆ ಕಡೆ ತಿರುಗಿದೆ.

"ಕೊಪ್ಪಳಕ್ಕ ಬಸ್ಸಿಗೆ ಎಷ್ಟ ತಗೊಂತಾರ?" ಅಂದ್ಲು.

"ಹೆಣ್ಮಕ್ಕಳಿಗೆ ಬಸ್ಸು ಫ್ರೀ ಅಲ್ಲೇನತ್ತಿ. ಆಧಾರ್ ಕಾರ್ಡ್ ತೋರ್ಸಿದ್ರ ಸಾಕು."

"ಹೋಗೂದೂ ಫ್ರೀ, ಬರೂದೂ ಫ್ರೀ?"

"ಹೌದು."

"ದಿನಾ?"

"ದಿನಾ."

ಅತ್ತಿ ಬಳ್ಳೊಳ್ಳಿ ಬುಟ್ಟಿ ಸರಿಸಿ ಎದ್ದು ನಿಂತ್ಲು. "ಹಂಗಾರ ಈಕಿ ಮನ್ಯಾಗಿರಲಿ. ನಾ ಹೊಕ್ಕೀನಿ."

೪. ಹಿಟ್ನಾಳದ ತನಕ

ಡಾಕ್ಟರ್ ಮನಿ ನೋಡಿ ಬರಾಕ ಹೊಂಟ ದಿನ ನಾ ಹೊಸಪೇಟಿಗೆ ಹೋಗೋ ಬಸ್ಸು ಹತ್ತಿದೆ. ಅದು ಕೊಪ್ಪಳದಾಗ ನಿಂತು ಮುಂದ ಹೋಗತೈತಿ. ಹಿಂದಿನ ರಾತ್ರಿ ಖುಷಿಗೆ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಕಿಡಕಿ ಬಾಜೂ ಸೀಟು, ತಣ್ಣನ ಗಾಳಿ, ಕುಕನೂರು ದಾಟೂದ್ರಾಗ ರೆಪ್ಪಿ ಭಾರ ಆದ್ವು.

ಬಾಜೂಕ ಒಬ್ಬಾಕಿ ವಯಸ್ಸಾದಾಕಿ ಕುಂತಿದ್ಲು. "ಯಮ್ಮಾ, ಕೊಪ್ಪಳ ಬಂದ್ರ ಒಂದೀಟು ಎಬ್ಬಸ್ತೀರೇನು?" ಅಂದೆ.

"ನೀ ಅರಾಮ ಮಲಗವ್ವಾ. ನಾ ಅದೀನಲ್ಲ, ನಾನೂ ಅಲ್ಲೇ ಇಳಿಯಾಕಿ," ಅಂದ್ಲು.

ಕಣ್ಣು ಬಿಟ್ಟಾಗ ಆಕಿ ತಲಿ ನನ್ನ ಹೆಗಲ ಮ್ಯಾಲ, ನನ್ನ ತಲಿ ಆಕಿ ತಲಿ ಮ್ಯಾಲ. ಹೊರಗ ನೋಡಿದ್ರ ಗುರುತಿಲ್ಲದ ಊರು.

"ಯಾವ ಊರ್ರಿ ಇದು?" ಅಂತ ಕಂಡಕ್ಟರನ್ನ ಕೇಳಿದೆ.

"ಹಿಟ್ನಾಳ."

"ಅಯ್ಯ ಶಿವನ! ಮತ್ತ ಕೊಪ್ಪಳ?"

"ಹಿಂದ ಐತಿ. ಎಲ್ಲಿಗೂ ಹೋಗಿಲ್ಲ, ಅಲ್ಲೇ ಐತಿ." ನನ್ನ ಕೈಯಾಗಿನ ಟಿಕೆಟ್ ಇಸ್ಕೊಂಡು ನೋಡ್ದ. "ಟಿಕೆಟ್ ಕೊಪ್ಪಳದ ತನಕ ಅಷ್ಟ ಐತಿ. ಹೆಚ್ಚಿಗಿ ಬಂದ್ರ ದಂಡ ಹಾಕಬೇಕು." ಟಿಕೆಟಿನ ಮ್ಯಾಲ ದೊಡ್ಡದಾಗಿ ಸೊನ್ನಿ ಇತ್ತು. ತಲಿ ಕೆರ್ಕೊಂಡ. "ಹತ್ತು ಪಟ್ಟು ಹಾಕಿದ್ರೂ ಏನೂ ಹುಟ್ಟವಲ್ದಲ್ಲ ಯಕ್ಕಾ. ಇಳೀರಿ, ಇಳೀರಿ."

ನಾ ಚೀಲ ಹಿಡ್ಕೊಂಡು ಗಡಬಡಿಸಿ ಎದ್ದು ನಿಂತೆ. ಆ ಗದ್ದಲಕ್ಕ ಬಾಜೂದಾಕಿಗೆ ಎಚ್ಚರಾತು. ನನ್ನ ಸೆರಗು ಹಿಡಿದು ಜಗ್ಗಿ, "ಏಳವ್ವಾ, ಏಳು! ಕೊಪ್ಪಳ ಬಂದಿರಬೇಕು. ಹಿಂಗ ನಿದ್ದಿ ಮಾಡಿದ್ರ ಊರು ದಾಟಿ ಹೋಗತೈತಿ!" ಅಂದ್ಲು.

೫. ಸರ್ಟಿಫಿಕೇಟು

ಹಿಟ್ನಾಳದಿಂದ ಇಬ್ರೂ ಕೂಡೇ ತಿರುಗಿ ಬಂದ್ವಿ. ಡಾಕ್ಟರ್ ಮನಿ ಮುಟ್ಟಿದಾಗ ಒಂದು ತಾಸು ತಡ. ಕೆಲಸ ಹೋತು ಅಂತ ಅನ್ಕೊಂಡ ಒಳಗ ಕಾಲಿಟ್ಟೆ. ಗೆಳತಿ ಮೊದಲ ಬಂದು ಕುಂತಿದ್ಲು, ನನ್ನ ನೋಡಿ ಹಲ್ಲು ಕಡದ್ಲು.

ನಾ ಸುಳ್ಳ ಹೇಳಲಿಲ್ಲ. "ಬಸ್ಸಿನ್ಯಾಗ ನಿದ್ದಿ ಹತ್ತಿತ್ರಿ," ಅಂದೆ.

ಗಂಡ ಹೆಂಡ್ತಿ ಇಬ್ರ ಕಣ್ಣೂ ಕೆಂಪಾಗಿದ್ವು. ಕೂಸು ಹತ್ತು ತಿಂಗಳಿಂದ ರಾತ್ರಿ ಮಲಗಗೊಟ್ಟಿರಲಿಲ್ಲಂತ. ಡಾಕ್ಟರಮ್ಮ ಸಿಟ್ಟು ಮಾಡೂದು ಬಿಟ್ಟು ನನ್ನ ಹತ್ರ ಸರಿದು, "ಕೂತ್ಕೊಂಡೇ ನಿದ್ದೆ ಬಂತಾ ಆಂಟಿ? ಎಷ್ಟೊತ್ತು ಮಲಗಿದ್ರಿ?" ಅಂತ ಆಸೆಲೆ ಕೇಳಿದ್ರು.

ಡಾಕ್ಟರ್ ಸಾಹೇಬ್ರು ಮಾತ್ರ ಶಿಸ್ತಿನ ಮನುಷ್ಯಾ. "ಅನುಭವ ಇದೆ ಅಂದ್ರಲ್ಲ, ಏನಾದ್ರೂ ಸರ್ಟಿಫಿಕೇಟ್ ಇದೆಯಾ?" ಅಂದ್ರು.

ನನ್ನ ಕೈಯಾಗ ಏನಿತ್ತು? ಗೆಳತಿ ಮಾರಿ ನೋಡಿದೆ. ಆಕಿ ಕಣ್ಣು ಮಿಟುಕಿಸಿ ಮಗಳಿಗೆ ಫೋನ್ ಮಾಡಿದ್ಲು. ಹತ್ತು ನಿಮಿಷದಾಗ ಆ ಹುಡುಗಿ ಬಂದ್ಲು. ಈಗ ಕಾಲೇಜಿನ್ಯಾಗ ವಾಲಿಬಾಲ್ ಆಡ್ತಾಳ, ಬಾಗಿಲದಾಗ ತಲಿ ಬಗ್ಗಿಸಿ ಒಳಗ ಬರಬೇಕಾತು.

"ಇದ ನೋಡ್ರಿ ಸಾಹೇಬ್ರ ನನ್ನ ಸರ್ಟಿಫಿಕೇಟು. ಮೂರು ತಿಂಗಳಿದ್ದಾಗ ನನ್ನ ಕೈಗೆ ಕೊಟ್ರು. ಯವ್ವಾ, ಹಲ್ಲು ತೋರ್ಸು."

ಹುಡುಗಿ ಹಲ್ಲು ಕಿಸದ್ಲು. ಸಾಹೇಬ್ರು ಡಾಕ್ಟರ್ ನೋಡ್ರಿ, ಖರೇನ ಕತ್ತು ಎತ್ತಿ ಹಲ್ಲು ನೋಡಿದ್ರು. ಮಾತಾಡ್ತಾ ಮಾತಾಡ್ತಾ ನಾ ಎತ್ಕೊಂಡಿದ್ದ ಕೂಸು ಅಷ್ಟೊತ್ತಿಗೆ ನನ್ನ ಕೊರಳಾಗಿನ ಸರ ಬಾಯಾಗ ಇಟ್ಕೊಂಡು ತೊಡಿ ಮ್ಯಾಲ ನಿದ್ದಿ ಹೋಗಿತ್ತು. ಡಾಕ್ಟರಮ್ಮ ಬಾಯಿ ಮ್ಯಾಲ ಕೈ ಇಟ್ಕೊಂಡು, "ನಾಳೆಯಿಂದಾನೇ ಬನ್ನಿ" ಅಂತ ಪಿಸುಗುಟ್ಟಿದ್ರು.

"ಮೊದಲ ಒಂದು ವಾರ ಬಂದು ನೋಡ್ತೀನ್ರಿ, ಆಮ್ಯಾಲ ಹೇಳ್ತೀನಿ," ಅಂದೆ. ಎದ್ದು ಹೊಂಡೂವಾಗ ಸಾಹೇಬ್ರು ಇನ್ನೂ ಹುಡುಗಿ ಎತ್ತರನ ನೋಡಾಕತ್ತಿದ್ರು. ಗೆಳತಿ ಮಗಳ ಕೈ ಹಿಡಿದು ಜಗ್ಗಿ ಅಂದ್ಲು: "ನೋಡಿದ್ದಾತಲ್ರಿ? ವಾಪಸ್ ಒಯ್ತೀನಿ. ಒರಿಜಿನಲ್ ಐತಿ, ಝೆರಾಕ್ಸ್ ಇಲ್ಲ."

೬. ಜೋಗುಳ

ಆ ವಾರದ ನಾಕನೇ ದಿನ ಸಂಜಿ ನನ್ನ ಉಮೇದಿ ಎಲ್ಲಾ ಇಳಿದಿತ್ತು. ಮೂರು ದಿನ ಸೀಟು ಸಿಕ್ಕಿರಲಿಲ್ಲ, ನಿಂತು ನಿಂತು ಪಾದ ಬಾತಿದ್ವು. ಮಾಸ್ತರ ಮಗಳು ದಿನಾ ಬಾಗಿಲದಾಗ ನಿಂತು, "ದೊಡ್ಡವ್ವ ಎಲ್ಲಿ?" ಅಂತಾಳ ಅಂತ, ಈಗ ಆಕಿನ್ನ ನೋಡ್ಕೊಳ್ಳೋ ನಮ್ಮ ಅತ್ತಿ ಹೇಳಿದ್ಲು. ಮಾಸ್ತರ ಲೆಕ್ಕನ ಖರೇ ಆತಲ್ಲ, ಒಲ್ಲೆ ಅಂದ್ಬಿಡೂಣು ಅನ್ಕೊಂಡ ಬಸ್ಸಿನ ಕಂಬಿ ಹಿಡಿದು ನಿಂತಿದ್ದೆ.

ಮುಂದಿನ ಸೀಟಿನ್ಯಾಗ ಒಂದು ಕೂಸು ಅಳಾಕ ಶುರು ಮಾಡ್ತು. ಅವ್ವಗ ಇನ್ನೂ ಇಪ್ಪತ್ತು ತುಂಬಿರಲಿಕ್ಕಿಲ್ಲ, ತಾನೂ ಅಳೂ ಹಂಗ ಆಗಿದ್ಲು. ಒಬ್ಬಾತ ಬಿಸ್ಕಿಟ್ ತೋರಿಸ್ದ, ಇನ್ನೊಬ್ಬಾತ ಮೊಬೈಲ್ ತೋರಿಸ್ದ. ಕೂಸು ಇನ್ನಷ್ಟು ಜೋರ್ ಮಾಡ್ತು.

"ಕೊಡವ್ವಾ ಇಲ್ಲೆ," ಅಂದೆ. ಕೂಸು ಕೈಗೆ ಬಂದಿದ್ದ ತಡ, ನಾಕು ಮಂದಿ ಎದ್ದು ಸೀಟು ಕೊಟ್ರು! ಕುಂತು ಕೂಸಿನ ಬೆನ್ನು ತಟ್ಟಾಕತ್ತಿದೆ. ಹಾಡು ಯಾವುದೂ ನೆನಪಾಗಲಿಲ್ಲ, ದಾರ್ಯಾಗಿನ ಊರಿನ ಹೆಸರನ್ನ ಸಾಲಾಗಿ ಜೋಡಿಸಿ ಒಂದೊಂದಕ್ಕ "ಜೋ ಜೋ" ಹಚ್ಚಿದೆ. ಕೂಸು ಬಿಕ್ಕೂದು ಬಿಡ್ತು. ಅದರ ಅವ್ವನ ತಲಿ ವಾಲ್ತು. ಬಿಸ್ಕಿಟ್ಟಿನಾತ ಗೊರಕಿ ಹೊಡಿಯಾಕತ್ತಿದ. ನೋಡ ನೋಡೂದ್ರಾಗ ಇಡೀ ಬಸ್ಸು ಗಪ್‌ಚಿಪ್.

ಅಷ್ಟೊತ್ತಿಗೆ ಮುಂದಿನಿಂದ ಕಂಡಕ್ಟರ್ ಗಾಬರಿಯಾಗಿ ಓಡಿ ಬಂದ. "ಯಕ್ಕಾ, ಕೈ ಮುಗೀತೀನಿ, ನಿಲ್ಲಸ್ರಿ! ಡ್ರೈವರ್ ಎರಡ ಸಲ ಆಕಳಿಸಿದ!"

ಡ್ರೈವರ್ ಹಿಂದ ತಿರುಗದನ ಅಂದ: "ಸುಮ್ಮನಿರೋ ಮಾರಾಯಾ, ಇನ್ನೂ ನಮ್ಮೂರ ಹೆಸರು ಬಂದಿಲ್ಲ!"

ನಾ ಅವತ್ತು ನಕ್ಕಿದ್ದು ಯಲಬುರ್ಗಾ ಬರೂ ತನಕ ನಿಲ್ಲಲಿಲ್ಲ. ಇಳಿಯೂವಾಗ ಕಂಡಕ್ಟರ್, "ನಾಳಿಂದ ಈ ಸೀಟು ನಿಮ್ದ ಯಕ್ಕಾ, ಹಾಡು ಮಾತ್ರ ಬ್ಯಾಡ" ಅಂದ. ಮನಿಗೆ ಬಂದು ಚೀಲ ಇಳಿಸಿ, "ನಾ ಹೋಗಾಕೀನ" ಅಂದೆ. ನಮ್ಮ ಮನಿಯವರು ಒಲಿ ಮುಂದಿನಿಂದ ಎದ್ದು ತಾವ ಮಾಡಿದ ರೊಟ್ಟಿ ತೋರಿಸಿದ್ರು. ಅದರ ಆಕಾರ ಕರ್ನಾಟಕದ ನಕಾಶಿ ಹಂಗ ಇತ್ತು, ಆದ್ರ ತಿಂದ್ರ ಛಲೋ ಇತ್ತು.

೭. ಮೊದಲ ಮಾತು

ಡಾಕ್ಟರ್ ಮನ್ಯಾಗ ನಾಕು ತಿಂಗಳಾತು. ಕೂಸು ಹೆಜ್ಜಿ ಇಡಾಕತ್ತಿತ್ತು, ಮಾತು ಮಾತ್ರ ಒಂದೂ ಬಂದಿರಲಿಲ್ಲ. ಗಂಡ ಹೆಂಡ್ತಿ ನಡುವ ಪೈಪೋಟಿ ಹತ್ತಿತ್ತು. ಅವರು ಎತ್ಕೊಂಡ್ರ "ಅಪ್ಪ ಅನ್ನು, ಅಪ್ಪ". ಇವರು ಎತ್ಕೊಂಡ್ರ "ಅಮ್ಮ ಅನ್ನು ಪುಟ್ಟಿ, ಅಮ್ಮ". ಮೈಸೂರಿನ ಅಜ್ಜಿ ದಿನಾ ಮುಂಜಾನಿ ವಿಡಿಯೋ ಕಾಲ್ ಮಾಡಿ "ಅಜ್ಜಿ ಅನ್ನು ಕಂದ" ಅಂತ ಮೂರನೇ ಪಾರ್ಟಿ ಆಗಿದ್ರು. ನಾ ಯಾರ ಕಡಿಗೂ ಇರಲಿಲ್ಲ.

ಒಂದಿನ ನಾ ಹೋಗೂದು ಅರ್ಧ ತಾಸು ತಡ ಆತು. ಬಾಗಿಲು ತೆರೆದ ಇತ್ತು. ಒಳಗ ಮೂರೂ ಪಾರ್ಟಿ ಹಾಜರ್. ಸೋಫಾದ ಮ್ಯಾಲ ಕೂಸು, ಈ ಕಡೆ ಡಾಕ್ಟರಮ್ಮ, ಆ ಕಡೆ ಸಾಹೇಬ್ರು, ನಡುವ ಫೋನಿನ್ಯಾಗ ಅಜ್ಜಿ. ಕೂಸು ತುಟಿ ಕೂಡ್ಸಿ ಏನೋ ಅನ್ನಾಕ ತಯಾರಾಗಿತ್ತು.

"ಬರ್ತಿದೆ, ಬರ್ತಿದೆ! ಶ್!" ಅಂತ ಸಾಹೇಬ್ರು ನನಗ ಕೈ ಮಾಡಿ ಬಾಗಿಲದಾಗ ನಿಲ್ಲಿಸಿದ್ರು. "ತುಟಿ ಕೂಡಿಸ್ತಿದಾಳೆ, ನೋಡು, ಅಪ್ಪ ಅಂತಾಳೆ."

"ಇಲ್ಲ ರೀ, ಅದು ಅಮ್ಮ," ಅಂದ್ರು ಡಾಕ್ಟರಮ್ಮ.

ನಾ ಉಸಿರು ಬಿಗಿ ಹಿಡಿದು ನಿಂತೆ. ಕೂಸು ಅವರನ್ನ ನೋಡ್ತು, ಇವರನ್ನ ನೋಡ್ತು, ಕತ್ತು ತಿರುಗಿಸಿ ಬಾಗಿಲದಾಗ ಚೀಲ ಹಿಡ್ಕೊಂಡು ನಿಂತಿದ್ದ ನನ್ನ ನೋಡ್ತು. ಮಾರಿ ಅರಳಿಸಿ, ಎರಡೂ ಕೈ ಮುಂದ ಚಾಚಿ, ಸ್ಪಷ್ಟ ಅಂತು:

"ಬಚ್ಚು ಲೇತ್ರೀ!"

ಗಂಡ ಹೆಂಡ್ತಿ ಇಬ್ರೂ ತಿರುಗಿ ನನ್ನ ನೋಡಿದ್ರು. ಆಗ ನನಗ ಹೊಳೀತು. ವಾರದಾಗ ಮೂರು ದಿನ ನಾ ಆ ಹೊಸ್ತಿಲದಾಗ ಕಾಲಿಡ್ತಾನ ಹೇಳೂದು ಅದೊಂದ ಮಾತು, "ಬಸ್ಸು ಲೇಟ್ರೀ". ಕೂಸು ಅದನ್ನ ನಮಸ್ಕಾರ ಅಂತ ತಿಳ್ಕೊಂಡಿತ್ತು!

ಸಾಹೇಬ್ರು ಸೋಫಾದ ಮ್ಯಾಲ ಕುಸಿದ್ರು. ಡಾಕ್ಟರಮ್ಮಗ ನಗು ತಡಿಯಾಕ ಆಗಲಿಲ್ಲ, ಕಣ್ಣಾಗ ನೀರು ಬಂತು. ಅಜ್ಜಿಗೆ ಅಲ್ಲಿ ಸರಿಯಾಗಿ ಕೇಳಿರಲಿಲ್ಲ. "ಏನಂದ್ಲು? ಏನಂದ್ಲು ಮಗು? ಅಜ್ಜಿ ಅಂದ್ಲಾ?" ಅಂತ ಒಂದ ಸವನ ಕೂಗಾಕತ್ತಿದ್ರು.

"ಇಲ್ಲಮ್ಮ," ಅಂದ್ರು ಡಾಕ್ಟರಮ್ಮ, ಉಸಿರು ಹಿಡ್ಕೊಂಡು. "ಬಸ್ಸು ಲೇಟಂತೆ."

ಅಜ್ಜಿ ಫೋನಿಗೆ ಮಾರಿ ಹತ್ರ ತಂದ್ರು. ಆಮ್ಯಾಲ ಗಾಬರಿಯಿಂದ ಕೇಳಿದ್ರು:

"ಅಯ್ಯೋ, ಇಷ್ಟು ಬೆಳಿಗ್ಗೆ ಮಗೂಗೆ ಯಾವೂರಿಗೆ ಹೋಗ್ಬೇಕಿತ್ತು?"